ಎಣ್ಣೆಗೂ ಪಂಕ್ತಿಭೇದ

ಕಳೆದ ದೀಪಾವಳಿಯಲ್ಲಿ ಕಜ್ಜಾಯ ಕರಿದು ಉಳಿದ ಎಣ್ಣೆಯನ್ನು ನೀವು ಎಲ್ಲಿ ಸುರಿದಿರಿ?

ತಲೆ ತಗ್ಗಿಸಬೇಕಾಗಿಲ್ಲ; ಉತ್ತರ ನನಗೆ ಗೊತ್ತಿದೆ. ಅಡುಗೆಮನೆಯ ಸಿಂಕಿಗೆ ಸುರಿದು, ಅದರ ಮೇಲೊಂದು ಚೊಂಬು ಬಿಸಿನೀರು ಹುಯ್ದು, ಚರಂಡಿ ಕಟ್ಟಿಕೊಂಡಾಗ ಊರಿನವರನ್ನೆಲ್ಲ ಬೈದಿರಿ. ಇಲ್ಲವೇ, ಇನ್ನೂ ಹೀನವಾಗಿ, ಅದೇ ಎಣ್ಣೆಯನ್ನು ಡಬ್ಬಿಯಲ್ಲಿಟ್ಟು ತಿಂಗಳಿಡೀ ಒಗ್ಗರಣೆ ಹಾಕಿ ಮನೆಮಂದಿಗೆ ಉಣ್ಣಿಸಿದಿರಿ. ಈ ಪ್ರಶ್ನೆಯನ್ನು ಶ್ರೀರಾಂಪುರದ ನಮ್ಮ ಬಡಾವಣೆಯ ಪ್ರತಿ ಮನೆಯ ಬಾಗಿಲಲ್ಲೂ ನಿಂತು ಕೇಳಿದ್ದೇನೆ. ಫಲವಾಗಿ ಮೂರು ಮನೆಯವರು ನನ್ನನ್ನು ದೂರದಲ್ಲಿ ಕಂಡೊಡನೆ ಗೇಟಿನ ಚಿಲಕ ಹಾಕುತ್ತಾರೆ. ನಾಲ್ಕನೆಯ ಮನೆಯವರು ನಾಯಿ ತಂದಿದ್ದಾರೆ.

ನನ್ನ ಹೆಸರು ಸಿದ್ದಲಿಂಗಸ್ವಾಮಿ. ಪ್ರೌಢಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ವಿಜ್ಞಾನ ಕಲಿಸಿ ನಿವೃತ್ತನಾದವನು. ಬೀಳ್ಕೊಡುಗೆಯ ದಿನ ಹಾರ, ಶಾಲು ಕೊಟ್ಟ ಸಹೋದ್ಯೋಗಿಗಳು ಒಂದಿಷ್ಟು ಮೌನವನ್ನೂ ಕೊಟ್ಟು ಕಳಿಸಿದ್ದರೆ ಲೋಕಕ್ಕೆ ಉಪಕಾರವಾಗುತ್ತಿತ್ತೆಂದು ನನ್ನ ಪತ್ನಿ ಪ್ರೇಮಲೀಲಾ ಹೇಳುತ್ತಾಳೆ. ಮೇಲಿನ ಪ್ರಶ್ನೆಯಿಂದ ನಿಮ್ಮನ್ನು ಕಟಕಟೆ ಹತ್ತಿಸಿದ್ದೇನೆ, ಅದು ಅಭ್ಯಾಸಬಲ. ಸ್ವಲ್ಪ ಹೊತ್ತು ಅಲ್ಲಿಯೇ ನಿಂತಿರಿ. ನಾನೂ ಬಂದು ಸೇರಿಕೊಳ್ಳುತ್ತೇನೆ.

ನನ್ನಲ್ಲೊಂದು ಹಳೆಯ ಡೀಸೆಲ್ ಜೀಪಿದೆ. ಅದರ ದುರಸ್ತಿಗೆ ಬೋಗಾದಿಯ ಕೆಂಪಯ್ಯನ ಗ್ಯಾರೇಜಿಗೆ ಹೋಗುವುದು ವಾಡಿಕೆ. ಕೆಂಪಯ್ಯ ನನ್ನ ಹಳೆಯ ವಿದ್ಯಾರ್ಥಿ. ಈಗ ಅವನಿಗೂ ಐವತ್ತರ ಹತ್ತಿರ. ಎಂಟನೆಯ ತರಗತಿಯಲ್ಲಿದ್ದಾಗ ಅವನು ಪ್ರಯೋಗಶಾಲೆಯ ಕೈಪಂಪನ್ನು ಬಿಚ್ಚಿ ನೆಲದ ಮೇಲೆ ಹರಡಿದ್ದಕ್ಕೆ ‘ತಪ್ಪು ನನ್ನದು’ ಎಂದು ನೂರು ಸಲ ಬರೆಸಿದ್ದೆ. ಮರುದಿನ ಅವನೇ ಜೋಡಿಸಿದ ಆ ಪಂಪು ಹಿಂದಿಗಿಂತ ಚೆನ್ನಾಗಿ ನೀರೆತ್ತಿತು ಎಂಬುದನ್ನು ನಾನು ಆಗ ಗಮನಕ್ಕೆ ತಂದುಕೊಳ್ಳಲಿಲ್ಲ. ಅವನ ಗ್ಯಾರೇಜಿನ ಪಕ್ಕದ ಗೋಡೆಯೇ ಅಂಬುಜಮ್ಮನವರ ಮೆಸ್ಸು. ಸುತ್ತಲಿನ ಬಾಡಿಗೆ ಕೋಣೆಗಳ ವಿದ್ಯಾರ್ಥಿಗಳೂ ಕಟ್ಟಡ ಕೆಲಸದವರೂ ಅಲ್ಲಿ ಉಣ್ಣುತ್ತಾರೆ. ದಿನವೂ ಮುದ್ದೆ, ಸೊಪ್ಪಿನ ಸಾರು, ಅನ್ನ, ಸಂಜೆಗೆ ಬೋಂಡ; ಬುಧವಾರ ಮತ್ತು ಭಾನುವಾರ ಕೋಳಿ ಕಬಾಬು.

ವರ್ಷದ ಹಿಂದೆ ಒಂದು ಮಧ್ಯಾಹ್ನ, ಜೀಪಿನ ಬ್ರೇಕು ಸರಿಯಾಗುವುದನ್ನು ಕಾಯುತ್ತ ನಿಂತಿದ್ದ ನನ್ನ ಮೂಗಿಗೆ ಕಮಟು ವಾಸನೆ ಬಡಿಯಿತು. ಕರೆಯದಿದ್ದರೂ ಅಂಬುಜಮ್ಮನವರ ಅಡುಗೆಮನೆಗೆ ನುಗ್ಗಿ ಬಾಣಲೆಯೊಳಗೆ ಬಗ್ಗಿ ನೋಡಿದೆ.

“ಈ ಎಣ್ಣೆಗೆ ಎಷ್ಟು ದಿನವಾಯಿತಮ್ಮ?”

“ಮೂರು ದಿನ ಆಗದೆ ಮೇಷ್ಟ್ರೇ. ಯಾಕೆ, ಬೋಂಡ ಬೇಕಿತ್ತಾ?”

“ಇದು ಎಣ್ಣೆಯಲ್ಲ, ವಿಷ! ಹೆತ್ತವರು ನಂಬಿ ಕಳಿಸಿದ ಮಕ್ಕಳಿಗೆ ಇದನ್ನು ಬಡಿಸುತ್ತೀರಲ್ಲ, ನಿಮ್ಮ ಅಂತಃಕರಣ ಒಪ್ಪುತ್ತದೆಯೆ?”

ಉಪನ್ಯಾಸ ಇಪ್ಪತ್ತು ನಿಮಿಷ ನಡೆಯಿತು. ಅಂಬುಜಮ್ಮ ಸೌಟನ್ನು ಕೆಳಗಿಡದೆ ಪೂರ್ತಿ ಕೇಳಿಸಿಕೊಂಡರು.

“ಆಯ್ತು ಮೇಷ್ಟ್ರೇ, ಒಪ್ಕಂಡೆ. ಚೆಲ್ಲು ಅಂತೀರಿ, ಎಲ್ ಚೆಲ್ಲಲಿ? ಮೋರಿಗೆ ಚೆಲ್ಲಿದ್ರೆ ಅದುಕ್ಕೂ ಬರ್ತೀರಿ ಬಯ್ಯೋಕೆ. ತಗಳಿ, ನೀವೇ ತಕ್ಕಂಡೋಗಿ ಏನಾರ ಮಾಡಿ. ನಾಳೆಯಿಂದ ದಿನಾ ಹೊಸ ಎಣ್ಣೆ ಆಕ್ತೀನಿ, ಹಳೇದು ನಿಮ್ ಪಾಲು.”

ಗೋಡೆಯಾಚೆಯಿಂದ ಕೆಂಪಯ್ಯ ನಕ್ಕ. “ಜೀಪಿಗೆ ಉಯ್ದ್ಬುಡಿ ಸಾ! ಡೀಸೆಲ್ ಗಾಡಿ ಅಲ್ವಾ, ಕುಡೀತದೆ.”

ಅವನು ತಮಾಷೆಗೆ ಆಡಿದ ಮಾತು. ಆದರೆ ತಮಾಷೆಯನ್ನು ತಮಾಷೆಯಾಗಿಯೇ ಬಿಡುವ ಗುಣ ನನ್ನದಲ್ಲ. ಮನೆಗೆ ಹೋಗಿ ಓದಿದೆ, ಟಿಪ್ಪಣಿ ಮಾಡಿಕೊಂಡೆ, ವಾರದಲ್ಲಿ ಹಿಂತಿರುಗಿ ಬಂದು ಹಳೆಯ ಡೀಸೆಲ್ ಎಂಜಿನ್ನುಗಳು ಅಡುಗೆ ಎಣ್ಣೆಯಿಂದಲೂ ಓಡಬಲ್ಲವೆಂದು ಅವನಿಗೆ ವಿವರಿಸಿದೆ. ಅವನು ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ಯೋಚಿಸಿದ.

“ಗಟ್ಟಿ ಎಣ್ಣೆ ಸಾ ಇದು. ಡೀಸೆಲ್ ಎಳೆಯೋ ಪಂಪು ಇದನ್ನ ಎಳೆಯೋಕೋದ್ರೆ ಎದೆ ಒಡ್ಕತದೆ.”

“ಅದನ್ನು ಸ್ನಿಗ್ಧತೆ ಎನ್ನುತ್ತಾರೆ. ನಿನಗೆ ಕಲಿಸಿದ್ದೆ.”

“ಏನಾರ ಅನ್ನಿ ಸಾ, ಬಿಸಿ ಮಾಡ್ಬೇಕು, ಸೋಸ್ಬೇಕು. ಸೋಸ್ದೆ ಆಕಿದ್ರೆ ಗಾಡಿ ಅಲ್ಲೇ ಕೂತ್ಕತದೆ.”

ಎರಡು ತಿಂಗಳಲ್ಲಿ ಅವನು ಅದನ್ನು ಮಾಡಿದ. ಮುಂದಿನ ಚಿಕ್ಕ ಟ್ಯಾಂಕಿನಲ್ಲಿ ಡೀಸೆಲ್. ಹಿಂದಿನ ದೊಡ್ಡ ಟ್ಯಾಂಕಿನಲ್ಲಿ ಎಣ್ಣೆ. ಡೀಸೆಲ್ಲಿನಿಂದ ಗಾಡಿ ಹೊರಡಿಸಬೇಕು. ಎಂಜಿನ್ನು ಕಾದು ಅದರ ಬಿಸಿನೀರು ಎಣ್ಣೆಯ ಫಿಲ್ಟರನ್ನೂ ಬೆಚ್ಚಗಾಗಿಸಿದ ಮೇಲೆ ಒಂದು ತಿರುಪು ತಿರುಗಿಸಿದರೆ ಎಣ್ಣೆ ಹರಿಯುತ್ತದೆ. ಅದನ್ನು ಹಿಂದಿನಿಂದ ಎಳೆದು ತರಲು ಟಿಕ್ ಟಿಕ್ ಎನ್ನುವ ಪುಟ್ಟದೊಂದು ಕರೆಂಟಿನ ಪಂಪು. ಇಷ್ಟಕ್ಕೂ ಮೊದಲು ಗ್ಯಾರೇಜಿನ ಮೂಲೆಯಲ್ಲಿ ಒಂದು ಪೀಪಾಯಿ: ತಂದ ಎಣ್ಣೆಯೆಲ್ಲ ಬಟ್ಟೆಯ ಚೀಲದ ಮೂಲಕ ಅದರೊಳಕ್ಕೆ ತೊಟ್ಟಿಕ್ಕಿ, ಎರಡು ದಿನ ನಿಂತು, ಗಸಿ ತಳಕ್ಕಿಳಿಯಬೇಕು. ಆ ಚೀಲ ಬೇರೇನಲ್ಲ, ಯಾವನೋ ವಿದ್ಯಾರ್ಥಿ ಕೋಣೆ ಖಾಲಿ ಮಾಡುವಾಗ ಬಿಟ್ಟುಹೋದ ಜೀನ್ಸ್ ಪ್ಯಾಂಟಿನ ಒಂದು ಕಾಲು. ತುದಿಯನ್ನು ಹೊಲಿದು ಕೊಕ್ಕೆಗೆ ನೇತುಹಾಕಿದ್ದ.

“ಇದುಕ್ಕಿಂತ ಒಳ್ಳೆ ಜರಡಿ ಇಲ್ಲ ಸಾ. ಒಂದ್ ನಿಯಮ ಮಾತ್ರ: ಯಾರ ಮನೆ ಎಣ್ಣೆ ಆದ್ರೂ ಈ ಕಾಲಿನೊಳಗೆ ಇಳ್ದೇ ಓಗ್ಬೇಕು.”

ಜೀಪು ಓಡಿತು! ನಾನು ಉಬ್ಬಿದೆ. ವಾರಕ್ಕೊಮ್ಮೆ ಅಂಬುಜಮ್ಮನವರ ಬಾಗಿಲಲ್ಲಿ ಡಬ್ಬ ಹಿಡಿದು ನಿಲ್ಲುತ್ತಿದ್ದೆ. ಜೀಪು ಹಾದ ಬೀದಿಯಲ್ಲೆಲ್ಲ ಬೋಂಡದ ಪರಿಮಳ.

“ನಿಮ್ಮ ಜೀಪು ಬಂದ್ರೆ ಇಡೀ ಬೀದಿಗೆ ಹಸಿವಾಗತ್ತೆ ಕಣ್ರೀ,” ಎಂದಳು ಪ್ರೇಮಲೀಲಾ. “ಆಮೇಲೆ ನೀವು ಇಳಿದು ಮಾತು ಶುರು ಮಾಡ್ತೀರಿ, ಹಸಿವು ಸತ್ತೋಗತ್ತೆ.”

ನನ್ನ ಉಬ್ಬಿಗೆ ಬೆಲೆ ತೆತ್ತವರು ಅಂಬುಜಮ್ಮ. ದಿನವೂ ಹೊಸ ಎಣ್ಣೆ ಹಾಕುತ್ತೇನೆಂದು ಕೊಟ್ಟ ಮಾತನ್ನು ಅವರು ಒಂದು ದಿನವೂ ತಪ್ಪಲಿಲ್ಲ. ಹಾಗಾಗಿ ಊಟದ ದರವನ್ನು ಏರಿಸಲೇಬೇಕಾಯಿತು. ಏರಿಸಿದ್ದೇ ಅರ್ಧದಷ್ಟು ಹುಡುಗರು ಪಕ್ಕದ ಬೀದಿಯ ಮೆಸ್ಸಿಗೆ ಹೋದರು. ಅಲ್ಲಿನ ಎಣ್ಣೆಯ ಬಣ್ಣವನ್ನು ಅವರು ವಿಚಾರಿಸಲಿಲ್ಲ. ಈ ವರ್ಷದ ಕಾರ್ತಿಕ ಮುಗಿಯುವ ಹೊತ್ತಿಗೆ ಅಂಬುಜಮ್ಮನವರಿಗೆ ಮೆಸ್ಸು ಮುಚ್ಚುವುದೋ ನಡೆಸುವುದೋ ಎಂಬ ಸ್ಥಿತಿ.

ಆಗ ಒಂದು ದಾರಿ ಕಂಡಿತು. ಒಂಟಿಕೊಪ್ಪಲಿನಲ್ಲಿ ‘ಸೂಜಿಮಲ್ಲಿಗೆ’ ಎಂಬ ಹೆಣ್ಣುಮಕ್ಕಳ ಹೊಲಿಗೆ ತರಬೇತಿ ಕೇಂದ್ರವಿದೆ. ಅಲ್ಲಿ ಕಲಿಯುವ ತೊಂಬತ್ತು ಮಂದಿಗೆ ದಿನವೂ ಮಧ್ಯಾಹ್ನದ ಊಟ ಒದಗಿಸುವವರು ಬೇಕಾಗಿತ್ತು. ವ್ಯವಸ್ಥಾಪಕಿ ಸುಷ್ಮಾ ಅವರು ಮೆಸ್ಸಿಗೆ ಬಂದು ಊಟದ ರುಚಿ ನೋಡಿ ಒಪ್ಪಿದರು. ಒಂದು ದಿನದ ಪರೀಕ್ಷೆ: ಡಿಸೆಂಬರಿನ ಎರಡನೆಯ ಗುರುವಾರ, ಸರಿಯಾಗಿ ಒಂದು ಗಂಟೆಗೆ ಊಟ ಅಲ್ಲಿರಬೇಕು. ಎರಡು ಗಂಟೆಗೆ ತರಗತಿ, ಅದನ್ನು ಮುಂದೂಡುವಂತಿಲ್ಲ. ಈ ಕೆಲಸ ಸಿಕ್ಕರೆ ಮೆಸ್ಸು ಉಳಿಯುತ್ತದೆ, ಸಿಗದಿದ್ದರೆ ಸಂಕ್ರಾಂತಿಗೆ ಬೀಗ. ಇದನ್ನು ಅಂಬುಜಮ್ಮ ಸೌಟು ತೊಳೆಯುತ್ತಲೇ ಹೇಳಿದರು.

“ಗೂಡ್ಸ್ ಆಟೋಗೆ ಏಳಿದೀನಿ ಮೇಷ್ಟ್ರೇ,” ಎಂದರು.

“ಆಟೋ ಏಕೆ? ನನ್ನ ಜೀಪು ಬರುತ್ತದೆ,” ಎಂದೆ. “ನಿಮ್ಮದೇ ಎಣ್ಣೆಯಿಂದ ಓಡುವ ಗಾಡಿಯಲ್ಲಿ ನಿಮ್ಮ ಊಟ ಹೋಗಬೇಕು. ಅದೊಂದು ಆದರ್ಶ.”

“ಆದರ್ಶ ಒಂದ್ ಗಂಟೆಗೆ ಮುಟ್ತದಾ?”

“ಮುಕ್ಕಾಲು ಗಂಟೆ ಮೊದಲೇ ಮುಟ್ಟುತ್ತದೆ.”

ಇನ್ನು ನಾನು ಕಟಕಟೆ ಹತ್ತುವ ಹೊತ್ತು.

ಅದೇ ವಾರದ ಸೋಮವಾರ ನಾನು ನಮ್ಮ ಕುಟುಂಬ ನಡೆದುಕೊಳ್ಳುವ ಮಠಕ್ಕೆ ಹೋಗಿದ್ದೆ. ಹಿಂದಿನ ವಾರದ ಕಬಾಬಿನ ಎಣ್ಣೆ ಜೀಪಿನಲ್ಲಿತ್ತೆಂದು ತೋರುತ್ತದೆ. ಮಠದ ಬಾಗಿಲಲ್ಲಿ ನಿಂತಿದ್ದ ವೃದ್ಧರೊಬ್ಬರು, ವಾಗೀಶ ಎಂಬವರು, ಗಾಳಿಯನ್ನು ಮೂಸಿ, “ಇದೇನ್ ಸ್ವಾಮಿ, ನಿಮ್ಮ ಗಾಡಿ ಎಲ್ಲೋ ಊಟ ಮುಗಿಸಿಕೊಂಡು ಬಂದಂಗಿದೆ!” ಎಂದರು. ಸುತ್ತ ನಿಂತವರು ನಕ್ಕರು. ಅಣುಗಳಿಗೆ ಜಾತಿಯಿಲ್ಲ, ಇಂಗಾಲಕ್ಕೆ ಮಡಿಯಿಲ್ಲ ಎಂದು ಮೂವತ್ತನಾಲ್ಕು ವರ್ಷ ಬೋಧಿಸಿದ ನನ್ನ ಕಿವಿ ಬಿಸಿಯಾಯಿತು.

ಮಠದಲ್ಲಿ ಅಂದು ದಾಸೋಹಕ್ಕೆ ಬೂಂದಿ ಕರಿದು ಇಳಿಸಿದ್ದರು. ಉಳಿದ ಎಣ್ಣೆಯನ್ನು ಕೇಳಿದೆ. ಎರಡು ಟಿನ್ನು ಕೊಟ್ಟರು. ಗುರುವಾರದ ದಿನ, ಒಂಟಿಕೊಪ್ಪಲಿನ ಬೀದಿಗಳಲ್ಲಿ ನನ್ನ ಆದರ್ಶವು ಕಬಾಬಿನ ವಾಸನೆ ಬೀರುವ ಬದಲು ಬೂಂದಿಯ ಪರಿಮಳ ಬೀರಲಿ ಎಂಬುದು ನನ್ನ ಸಂಕಲ್ಪ.

ಜೀಪನ್ನು ಬುಧವಾರವೇ ಕೆಂಪಯ್ಯನ ಬಳಿ ಬಿಟ್ಟಿದ್ದೆ. ಅವನು ಹಳೆಯ ಎಣ್ಣೆ ಇಳಿಸಿ, ಹೊಸ ಫಿಲ್ಟರು ಹಾಕಿ, ಪೀಪಾಯಿಯ ಎಣ್ಣೆ ತುಂಬಿಕೊಳ್ಳಲು ನನಗೆ ಹೇಳಿ ಚಹಾಕ್ಕೆ ಹೋದ. ನಾನು ಟಿನ್ನುಗಳೊಡನೆ ಪೀಪಾಯಿಯ ಮುಂದೆ ನಿಂತೆ. ಮೇಲೆ ಜೀನ್ಸಿನ ಕಾಲು ತೂಗುತ್ತಿತ್ತು. ಅದರ ಮೊಣಕಾಲಿನ ಹತ್ತಿರ ಕಬಾಬಿನ ಕೆಂಪು ಮಸಾಲೆಯ ಗೆರೆ. ಮಠದ ಪ್ರಸಾದ ಬೆಂದ ಎಣ್ಣೆ ಇದರೊಳಗೆ ಇಳಿಯಬೇಕೆ? ಇಲ್ಲ, ಹಾಗೆಂದು ನಾನು ಬಾಯಿಬಿಟ್ಟು ಕೇಳಿಕೊಳ್ಳಲೂ ಇಲ್ಲ. ಅದಕ್ಕಿಂತ ಜಾಣನಾಗಿದ್ದೆ. ‘ಮಠದ ಎಣ್ಣೆ ಶುದ್ಧವಾದದ್ದು, ಶುದ್ಧವಾದದ್ದನ್ನು ಸೋಸುವುದು ಶ್ರಮದ ದುಂದು’ ಎಂದು ನನಗೆ ನಾನೇ ಪಾಠ ಹೇಳಿಕೊಂಡು, ಎರಡು ಟಿನ್ನನ್ನೂ ನೇರವಾಗಿ ಹಿಂದಿನ ಟ್ಯಾಂಕಿಗೆ ಸುರಿದೆ. ಟಿನ್ನಿನ ತಳ ಸ್ವಲ್ಪ ಬೆಳ್ಳಗಿತ್ತು; ತುಪ್ಪವಿರಬೇಕು ಎಂದುಕೊಂಡು ಇನ್ನಷ್ಟು ಸಂತೋಷಪಟ್ಟೆ. ಮುಂದಿನ ಟ್ಯಾಂಕಿನಲ್ಲಿದ್ದ ಡೀಸೆಲ್ಲನ್ನು ಬಸಿದು, ಹಳೆಯ ಬೀಕರಿನಿಂದ ಅಳೆದು ಬರಿಯ ಅರ್ಧ ಲೀಟರು ಉಳಿಸಿದೆ. ಆದರ್ಶದಲ್ಲಿ ಡೀಸೆಲ್ಲು ಉಪ್ಪಿನಕಾಯಿಯಷ್ಟೇ ಇರಬೇಕು. ಈ ಎರಡು ಘನಕಾರ್ಯಗಳಲ್ಲಿ ಒಂದನ್ನೂ ಕೆಂಪಯ್ಯನಿಗೆ ಹೇಳಲಿಲ್ಲ.

ಗುರುವಾರ ಹನ್ನೊಂದೂವರೆಗೆ ಪಾತ್ರೆಗಳು ಜೀಪನ್ನೇರಿದವು: ಅನ್ನ, ಮುದ್ದೆ, ಅವರೆಕಾಳು ಸಾರು, ಹುರುಳಿಕಾಯಿ ಪಲ್ಯ. ಶ್ಯಾವಿಗೆ ಪಾಯಸದ ಪಾತ್ರೆಯನ್ನು ಮಾತ್ರ ಅಂಬುಜಮ್ಮ ಮಡಿಲಲ್ಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕುಳಿತರು. ಇಸ್ತ್ರಿಯ ಸೀರೆ ಉಟ್ಟಿದ್ದರು. ಎಂಜಿನ್ನು ಹೊರಟಿತು. ಅದು ಬೆಚ್ಚಗಾಗಲೆಂದು ಕಾಯುವಾಗ, ನೋಡಲು ನೆರೆದಿದ್ದ ಹತ್ತು ಹನ್ನೆರಡು ಜನರಿಗೆ ನಾಲ್ಕು ಮಾತು ಹೇಳುವುದು ನನ್ನ ಕರ್ತವ್ಯವೆನಿಸಿತು. ನಾಲ್ಕು ಮಾತು ಇಪ್ಪತ್ತೈದು ನಿಮಿಷವಾಯಿತು.

“ಮೇಷ್ಟ್ರೇ, ಕಾದದೆ, ಒರಡಿ!” ಎಂದು ಕೆಂಪಯ್ಯ ಎರಡು ಸಲ ಕೂಗಿದ.

“ಉಪಸಂಹಾರ ಒಂದಿದೆ,” ಎಂದೆ ನಾನು. ಅರ್ಧ ಲೀಟರು ಡೀಸೆಲ್ಲಿನಲ್ಲಿ ಬಹುಪಾಲು ಆ ಉಪನ್ಯಾಸಕ್ಕೆ ಉರಿದುಹೋಯಿತು.

ಹೊರಟೆವು. ವಿಶ್ವವಿದ್ಯಾನಿಲಯದ ಮಗ್ಗುಲಿಗೆ ಬಂದಾಗ ತಿರುಪು ತಿರುಗಿಸಿದೆ. ಪಂಪು ಟಿಕ್ ಟಿಕ್ ಎಂದಿತು. ಬೂಂದಿಯ ಪರಿಮಳ ಹೊಮ್ಮಿತು. ನಾನು ಎದೆಯುಬ್ಬಿಸಿ ಒಂದು ಹಾರನ್ನು ಹೊಡೆದೆ. ಕುಕ್ಕರಹಳ್ಳಿ ಕೆರೆಯ ಬೇಲಿ ಕಾಣುವಷ್ಟರಲ್ಲಿ ಟಿಕ್ ಟಿಕ್ ತೊದಲಿತು. ಎಂಜಿನ್ನು ಒಮ್ಮೆ ಕೆಮ್ಮಿತು. ತಿರುಪನ್ನು ಡೀಸೆಲ್ಲಿಗೆ ತಿರುಗಿಸಿದೆ. ಇನ್ನೆರಡು ಸಲ ಕೆಮ್ಮಿ ಮೌನವಾಯಿತು.

“ಟೈಮೆಷ್ಟು ಮೇಷ್ಟ್ರೇ?”

“ಹನ್ನೆರಡೂ ಹತ್ತು. ಗಾಬರಿ ಬೇಡ.”

ಇಳಿದು ಬಾನೆಟ್ಟು ಎತ್ತಿದೆ. ನೋಡಿದೆ. ನೋಡುವುದರಲ್ಲಿ ನಾನು ನಿಪುಣ. ಕೆರೆಯ ದಂಡೆಯಲ್ಲಿ ನಡೆದಾಡಿ ಬರುತ್ತಿದ್ದವರೊಬ್ಬರು ನಿಂತು, “ಘಮಘಮ ಅಂತಿದೆ ಸಾರ್. ಮದುವೆ ಬೂಂದಿನಾ?” ಎಂದರು. ನಾನು ಬಾನೆಟ್ಟಿನೊಳಗೆ ಇನ್ನಷ್ಟು ಬಗ್ಗಿದೆ.

“ಟೈಮೆಷ್ಟು ಮೇಷ್ಟ್ರೇ?”

“ಹನ್ನೆರಡೂವರೆ.”

ಅಂಬುಜಮ್ಮ ಪಾಯಸದ ಪಾತ್ರೆಯ ಮೇಲೆ ಸೆರಗು ಹೊದಿಸಿದರು. “ಏನಾಗದೆ ಅಂತ ಏಳಿ. ಇದು ಓದ್ರೆ ನಂಗೆ ಬೇರೆ ದಾರಿ ಇಲ್ಲ ಅನ್ನೋದು ನಿಮಗ್ ಗೊತ್ತಲ್ಲ.”

ಗೊತ್ತಿತ್ತು. ಏನಾಗಿರಬಹುದೆಂಬುದೂ ಆ ಹೊತ್ತಿಗೆ ನನ್ನ ಮನಸ್ಸಿನ ಒಂದು ಮೂಲೆಗೆ ಗೊತ್ತಾಗಿತ್ತು. ಆ ಮೂಲೆಯ ಬಾಗಿಲು ಹಾಕಿ, ಗಂಟಲು ಸರಿಮಾಡಿಕೊಂಡು ಹೇಳಿದೆ: “ನಿಮ್ಮ ಕಬಾಬಿನ ಎಣ್ಣೆ, ಅಂಬುಜಮ್ಮ. ಅದರಲ್ಲಿರುವ ಮಾಂಸದ ಕೊಬ್ಬು ಹೆಪ್ಪುಗಟ್ಟಿ ಪಂಪನ್ನು ಕಟ್ಟಿದೆ.”

ಅವರು ನಂಬಿದರು. ಮೇಷ್ಟ್ರು ಹೇಳಿದ್ದಲ್ಲವೆ? ಅವರ ಮುಖ ಬಾಡಿದ್ದನ್ನು ನಾನು ಬಾನೆಟ್ಟಿನ ಮರೆಯಿಂದ ಕಂಡೆ. ಕಂಡೂ ಬಾನೆಟ್ಟಿನ ಮರೆಯಲ್ಲೇ ಉಳಿದೆ. ಕೊನೆಗೆ, ಒಂದು ಗಂಟೆ ದಾಟಿದ ಮೇಲೆ, ಕೆಂಪಯ್ಯನಿಗೆ ಫೋನು ಮಾಡಿದವರೂ ಅವರೇ.

ಅವನು ಗೂಡ್ಸ್ ಆಟೋ ಹಿಡಿದು ಬಂದು ಪಾತ್ರೆಗಳನ್ನು ಸಾಗಿಸುವಷ್ಟರಲ್ಲಿ, ಒಂಟಿಕೊಪ್ಪಲು ಮುಟ್ಟಿದಾಗ ಎರಡಕ್ಕೆ ಐದು ನಿಮಿಷ. ತೊಂಬತ್ತು ಹೆಣ್ಣುಮಕ್ಕಳು ಬನ್ನು, ಬಾಳೆಹಣ್ಣು ತಿಂದು ಹೊಲಿಗೆ ಯಂತ್ರಗಳ ಮುಂದೆ ಕುಳಿತಾಗಿತ್ತು. ಸುಷ್ಮಾ ಬಾಗಿಲಲ್ಲಿ ನಿಂತಿದ್ದರು.

“ಯಾಕೆ ಅಂಬುಜಮ್ಮ, ಹೀಗಾಯ್ತು?”

“ನಂದೇ ತಪ್ಪು ಕಣಮ್ಮ. ನನ್ ಎಣ್ಣೆ ಗಾಡಿಗೆ ಒಗ್ಗಲಿಲ್ಲ.”

ಆಗ ನಾನು ಮಾತಾಡಬೇಕಿತ್ತು. ಕೇಳದವರಿಗೂ ಇಪ್ಪತ್ತೈದು ನಿಮಿಷ ಉಪನ್ಯಾಸ ಕೊಡಬಲ್ಲ ನಾಲಿಗೆ, ಎರಡು ಪದ ಬೇಕಾಗಿದ್ದ ಹೊತ್ತಿನಲ್ಲಿ ಅಂಗುಳಕ್ಕೆ ಅಂಟಿಕೊಂಡಿತು. ಗೋಡೆಯ ಮೇಲೆ ತೂಗುಹಾಕಿದ್ದ ರವಿಕೆಯ ಮಾದರಿಗಳನ್ನು ಅತ್ಯಂತ ಆಸಕ್ತಿಯಿಂದ ನೋಡುತ್ತ ನಿಂತೆ. ಅದರಲ್ಲೊಂದಕ್ಕೆ ಪಫ್ ತೋಳಿತ್ತು.

“ಶನಿವಾರ ಸಮಿತಿ ಸೇರತ್ತೆ,” ಎಂದರು ಸುಷ್ಮಾ. “ಆದ್ರೆ ನಂಬಿಕೆ ಇಟ್ಕೋಬೇಡಿ.”

ಊಟ ಬೋಗಾದಿಗೆ ಮರಳಿತು. ಅಂಬುಜಮ್ಮ ಅದನ್ನು ಎದುರಿನ ಕಟ್ಟಡದ ಕೆಲಸಗಾರರನ್ನು ಕರೆದು ಬಡಿಸಿಬಿಟ್ಟರು. ಅವರು ಮೆಸ್ಸಿನ ಜಗಲಿಯಲ್ಲಿ ಉಣ್ಣುತ್ತಿರುವಾಗಲೇ ಕೆಂಪಯ್ಯ ಜೀಪನ್ನು ಎಳೆಸಿ ತಂದು ಹಿಂದಿನ ಟ್ಯಾಂಕು ಬಿಚ್ಚಿ, ಒಂದು ಬೋಗುಣಿಗೆ ಸುರಿದ. ಮೊದಲು ಸ್ವಲ್ಪ ಎಣ್ಣೆ ಬಂತು. ಆಮೇಲೆ ಗಡ್ಡೆಮೊಸರಿನಂಥ ಬೆಳ್ಳನೆಯದೊಂದು ಮುದ್ದೆ ದೊಪ್ಪನೆ ಬಿತ್ತು. ವನಸ್ಪತಿ ತುಪ್ಪ. ಮಾರ್ಗಶಿರದ ಚಳಿಗೆ ರಾತ್ರಿಯೆಲ್ಲ ಟ್ಯಾಂಕಿನಲ್ಲಿ ಗಟ್ಟಿಯಾಗಿತ್ತು. ಅದರ ನಡುವೆ, ಬಿಸಿಲಿಗೆ ಹೊಳೆಯುತ್ತ, ಚಿನ್ನದ ಬಣ್ಣದ ಬೂಂದಿಕಾಳುಗಳು. ಹೀರುಕೊಳವೆಯ ಬಾಯಲ್ಲಿಯೇ ಏಳೆಂಟು ಕಚ್ಚಿಕೊಂಡಿದ್ದವು.

ಕೆಂಪಯ್ಯ ಒಂದು ಕಾಳನ್ನು ಬೆರಳತುದಿಯಲ್ಲಿ ಎತ್ತಿ ಹಿಡಿದ.

“ಅಂಬುಜಕ್ಕ, ನೀನು ಯಾವತ್ತಾರ ಬೂಂದಿ ಕರ್ದಿದ್ದೀಯಾ?”

“ನಂಗೆಲ್ ಬರ್ತದಪ್ಪ ಬೂಂದಿ? ಅದುಕ್ಕೆ ಜಾಲರಿ ಬೇಕು, ಕೈ ಬೇಕು.”

ಇಬ್ಬರೂ ನನ್ನತ್ತ ತಿರುಗಿದರು. ಉಣ್ಣುತ್ತಿದ್ದ ಕೆಲಸಗಾರರೂ ತಿರುಗಿದರು.

“ಮಠದ್ದು,” ಎಂದೆ.

“ಸೋಸ್ಲಿಲ್ವಾ ಸಾ?”

“ಇಲ್ಲ.”

“ಯಾಕೆ ಸಾ?”

ಆ ‘ಯಾಕೆ’ ನನ್ನ ಆಯುಧ. ಎಷ್ಟು ಮಕ್ಕಳನ್ನು ಅದರಿಂದ ಗೋಡೆಗೆ ಒರಗಿಸಿಲ್ಲ! ಈಗ ಗೋಡೆ ನನ್ನ ಬೆನ್ನಿಗಿತ್ತು. ನನ್ನ ಕಣ್ಣು ನನ್ನನ್ನು ಕೇಳದೆ ಪೀಪಾಯಿಯ ಮೇಲೆ ತೂಗುತ್ತಿದ್ದ ಜೀನ್ಸಿನ ಕಾಲಿನತ್ತ ಹೋಯಿತು. ಕೆಂಪು ಗೆರೆಯ ಮೇಲೆ ನಿಂತಿತು. ಕೆಂಪಯ್ಯನ ಕಣ್ಣೂ ಅಲ್ಲಿಗೇ ಹೋಯಿತು.

“ಓಹೋ,” ಎಂದ ಅವನು. ಕಾಳನ್ನು ಬೋಗುಣಿಗೆ ಮರಳಿ ಹಾಕಿದ.

ಅಂಬುಜಮ್ಮನವರಿಗೂ ಅರ್ಥವಾಯಿತು. ಬೈಯುತ್ತಾರೆಂದು ಕಾದೆ, ಬೈದಿದ್ದರೆ ಎಷ್ಟೋ ಸುಖವಾಗಿರುತ್ತಿತ್ತು. ಅವರು ಸಾರಿನ ಸೌಟನ್ನು ಪಾತ್ರೆಯಲ್ಲಿಟ್ಟು ಹೇಳಿದ್ದಿಷ್ಟು: “ಅಷ್ಟೇನಾ ಮೇಷ್ಟ್ರೇ? ಮೊದ್ಲೇ ಏಳಿದ್ರೆ ನನ್ ಮಗಂದು ಒಗೆದ ಪಂಚೆ ಇತ್ತಲ್ಲ, ಕೊಡ್ತಿದ್ನಲ್ಲ.”

ದಾಸೋಹವೆಂದರೇನೆಂದು ನಾನು ಸಭೆಗಳಲ್ಲಿ ಭಾಷಣ ಮಾಡಿದ್ದೇನೆ. ಬಂದವರು ಯಾರೆಂದು ಕೇಳದೆ, ಒಂದೇ ಸಾಲಿನಲ್ಲಿ ಕೂರಿಸಿ ಉಣಬಡಿಸುವುದು. ಪಂಕ್ತಿಭೇದ ಮಾಡಿದವನು ಆ ಅನ್ನಕ್ಕೇ ದ್ರೋಹ ಮಾಡಿದಂತೆ ಎಂದು ಮೇಜು ಗುದ್ದಿದ್ದೇನೆ. ಆ ದಾಸೋಹದ ಒಲೆಯಿಂದಲೇ ಎಣ್ಣೆ ತಂದು, ಎಣ್ಣೆಗೂ ಎಣ್ಣೆಗೂ ನಡುವೆ ಪಂಕ್ತಿಭೇದ ಮಾಡಿದವನು ನಾನು. ಮನುಷ್ಯರ ವಿಷಯದಲ್ಲಿ ಮಾಡಿದ್ದರೆ ಯಾರಾದರೂ ಹಿಡಿಯುತ್ತಿದ್ದರು. ಎಣ್ಣೆಯ ವಿಷಯದಲ್ಲಿ ಯಾರಿಗೆ ತಿಳಿಯುತ್ತದೆ ಎಂದುಕೊಂಡಿದ್ದೆ. ಬೂಂದಿಕಾಳಿಗೆ ತಿಳಿಯಿತು.

ಮರುದಿನ ಬೆಳಿಗ್ಗೆ ಸಮಿತಿಗೆ ಪತ್ರ ಬರೆದೆ. ನಾಲ್ಕು ಪುಟವಾಯಿತು. ಸಸ್ಯಜನ್ಯ ಇಂಧನದ ಇತಿಹಾಸ, ಸ್ನಿಗ್ಧತೆಗೂ ತಾಪಕ್ಕೂ ಇರುವ ಸಂಬಂಧ, ನಗರದ ಒಳಚರಂಡಿಯ ದುಃಸ್ಥಿತಿ, ಎಲ್ಲವೂ ಇದ್ದವು. ಪ್ರೇಮಲೀಲಾ ಕನ್ನಡಕ ಹಾಕಿಕೊಂಡು ಓದಿದಳು.

“ತುಂಬ ಚೆನ್ನಾಗಿದೆ. ಇದರಲ್ಲಿ ‘ನಾನು’ ಅನ್ನೋದು ಎಲ್ಲಿದೆ ತೋರಿಸಿ.”

“ಮೂರನೆಯ ಪುಟದಲ್ಲಿ, ‘ಚಾಲಕನ ಅನವಧಾನದಿಂದ’ ಎಂದಿದೆಯಲ್ಲ.”

“ಚಾಲಕ ಅಂದ್ರೆ ಯಾರು ರೀ? ಸಂಬಳಕ್ಕೆ ಇಟ್ಕೊಂಡಿದೀರಾ?”

ಅವಳು ಕೆಂಪು ಪೆನ್ನು ತೆಗೆದುಕೊಂಡಳು. ಉತ್ತರಪತ್ರಿಕೆ ತಿದ್ದಲು ಕೊಂಡು ಉಳಿದಿದ್ದ ನನ್ನದೇ ಪೆನ್ನು. ಅವಳು ಹೊಡೆದುಹಾಕಿದ ಮೇಲೆ ನಾಲ್ಕು ಪುಟದಲ್ಲಿ ಮೂರು ವಾಕ್ಯ ಉಳಿದವು: ‘ಗುರುವಾರ ಊಟ ತಡವಾದದ್ದಕ್ಕೆ ಅಂಬುಜಮ್ಮನವರ ಎಣ್ಣೆ ಕಾರಣವಲ್ಲ. ಸೋಸದ ಎಣ್ಣೆಯನ್ನು ಟ್ಯಾಂಕಿಗೆ ಹಾಕಿದವನು, ಡೀಸೆಲ್ ಬಸಿದವನು, ಕೇಳಿದಾಗ ಸುಮ್ಮನೆ ನಿಂತವನು ನಾನು. ತಪ್ಪು ನನ್ನದು.’

ಅದನ್ನು ಕೈಯಾರೆ ಕೊಡಲು ಬಸ್ಸಿನಲ್ಲಿ ಹೋದೆ. ದಾರಿಯಲ್ಲಿ ಕೆಂಪಯ್ಯನಿಗೆ ತೋರಿಸಿದೆ. ಓದಿ, ಬಹಳ ಗಂಭೀರವಾಗಿ ಕೇಳಿದ: “ಒಂದೇ ಸಲನಾ ಸಾ? ಇನ್ನೂ ತೊಂಬತ್ತೊಂಬತ್ತು ಬಾಕಿ ಅವೆ.”

ಸುಷ್ಮಾ ಪತ್ರವನ್ನು ಎರಡು ಸಲ ಓದಿದರು.

“ನಿಮ್ಮ ತಪ್ಪು ಒಪ್ಕೊಂಡಿದ್ದೀರಿ, ಸಂತೋಷ. ಆದ್ರೆ ಸಮಿತಿಗೆ ಬೇಕಾಗಿರೋದು ಅಂಬುಜಮ್ಮ ಹೊತ್ತಿಗೆ ಸರಿಯಾಗಿ ಬಡಿಸೋರು ಅನ್ನೋ ಭರವಸೆ. ಅವರ ಕೈಯೂಟ ಉಂಡಿರೋ ಹತ್ತು ಜನ ಹಾಗಂತ ಬರೆದು ಕೊಡ್ಲಿ. ತಿಂಗಳ ಕೊನೆಯೊಳಗೆ ಬಂದ್ರೆ ಇನ್ನೊಂದು ದಿನ ಕೊಡಿಸ್ತೀನಿ. ಆ ದಿನ ಊಟ ಆಟೋದಲ್ಲಿ ಬರಬೇಕು.”

“ಮೊದಲ ಸಹಿ ನನ್ನದೇ,” ಎಂದು ಪೆನ್ನು ತೆಗೆದೆ.

“ನೀವು ಅಲ್ಲಿ ಉಂಡಿದ್ದೀರಾ?”

ಪೆನ್ನು ಗಾಳಿಯಲ್ಲಿ ನಿಂತಿತು. ಒಂದು ವರ್ಷ, ವಾರವಾರವೂ ಆ ಬಾಗಿಲಲ್ಲಿ ಡಬ್ಬ ಹಿಡಿದು ನಿಂತವನು ನಾನು. “ಒಂದ್ ತುತ್ತು ಊಟ ಮಾಡ್ಕಂಡ್ ಓಗಿ ಮೇಷ್ಟ್ರೇ,” ಎಂದು ಅವರು ಕರೆದಾಗಲೆಲ್ಲ, “ಮನೆಯಲ್ಲಿ ಕಾಯುತ್ತಿರುತ್ತಾರೆ” ಎಂದವನು ನಾನು. ಮನೆಯಲ್ಲಿ ಯಾರೂ ಕಾಯುತ್ತಿರಲಿಲ್ಲ. ನನ್ನನ್ನು ಕಾಯುವಷ್ಟು ಅವಿವೇಕ ಪ್ರೇಮಲೀಲಾಳಲ್ಲಿ ಇಲ್ಲ.

ಅಂದು ಮಧ್ಯಾಹ್ನ ಬೋಗಾದಿಗೆ ಹೋಗಿ, ಕಾಲು ತೊಳೆದು, ಮೆಸ್ಸಿನ ಬೆಂಚಿನಲ್ಲಿ ಗಾರೆ ಕೆಲಸದವರಿಬ್ಬರ ನಡುವೆ ಕುಳಿತೆ. ಅಂಬುಜಮ್ಮ ಒಂದು ಕ್ಷಣ ನೋಡಿ, ಏನೂ ಕೇಳದೆ ತಟ್ಟೆ ಇಟ್ಟರು. ಮುದ್ದೆ, ಬಸ್ಸಾರು. ಎಡಗಡೆಯವನ ತಟ್ಟೆಯಲ್ಲಿ ಅವನು ಮನೆಯಿಂದ ತಂದ ಕೋಳಿಸಾರಿತ್ತು. ಅವನು ತುಸು ದೂರ ಸರಿಯಲು ಹೋದ. “ಇರಪ್ಪ, ಜಾಗ ಇದೆ,” ಎಂದೆ. ಬಸ್ಸಾರು ಎಷ್ಟು ಚೆನ್ನಾಗಿತ್ತೆಂದರೆ, ಒಂದು ವರ್ಷದ ಊಟ ನಷ್ಟವಾದ ಸಿಟ್ಟು ನನ್ನ ಮೇಲೆ ನನಗೇ ಬಂತು. ಹನ್ನೆರಡೂವರೆಗೆ ಬಡಿಸುತ್ತೇವೆಂದು ಬೋರ್ಡಿನಲ್ಲಿ ಬರೆದಿತ್ತು. ಗಡಿಯಾರ ನೋಡಿದ್ದೆ, ಹನ್ನೆರಡೂವರೆಯೇ.

ಇಂದಿಗೆ ಏಳು ಮಂದಿ ಬರೆದಿದ್ದಾರೆ, ನನ್ನದು ಏಳನೆಯದು. ಬರೆಯಬಲ್ಲ ಕೆಲಸಗಾರರೆಲ್ಲ ಬರೆದಾಯಿತು; ಕಾಲೇಜುಗಳಿಗೆ ರಜೆ ಬಂದು ಹುಡುಗರೆಲ್ಲ ಊರು ಸೇರಿದ್ದಾರೆ. ಇನ್ನೂ ಮೂರು ಬೇಕು. ತಿಂಗಳು ಮುಗಿಯಲು ಆರು ದಿನವಿದೆ.

ಆದ್ದರಿಂದ ಕಟಕಟೆಯಿಂದ ಇಳಿಯಿರಿ, ನಾನೊಬ್ಬನೇ ಇಲ್ಲಿ ಸಾಕು. ನೀವು ಎಂದಾದರೂ ಬೋಗಾದಿಯಲ್ಲಿ ಬಾಡಿಗೆಗಿದ್ದು ಅಂಬುಜಮ್ಮನವರ ಕೈಯೂಟ ಉಂಡವರಾದರೆ, ದಯವಿಟ್ಟು ಈ ವಾರದೊಳಗೆ ಹೋಗಿ ಒಂದು ಸಾಲು ಬರೆದುಕೊಡಿ. ಉಂಡವರಲ್ಲವಾದರೆ ನಾಳೆ ಹನ್ನೆರಡೂವರೆಗೆ ಹೋಗಿ ಉಂಡು, ಆಮೇಲೆ ಬರೆಯಿರಿ. ಹೋಗುವಾಗ ಆ ದೀಪಾವಳಿಯ ಎಣ್ಣೆ ಇನ್ನೂ ಉಳಿದಿದ್ದರೆ ಅದನ್ನೂ ಒಯ್ಯಿರಿ. ಕೆಂಪಯ್ಯನ ಪೀಪಾಯಿಗೆ, ಆ ಜೀನ್ಸಿನ ಕಾಲಿನ ಮೂಲಕವೇ ಸುರಿಯಿರಿ. ಅದು ಯಾವ ಒಲೆಯ ಮೇಲಿನಿಂದ ಬಂದದ್ದಾದರೂ ಸರಿ.